ತಿರುಗಿದರೆ ಕಲ್ಲು

ಸ್ಕ್ಯಾನಿಂಗ್ ಯಂತ್ರದ ಕೊಳವೆಯಿಂದ ಮೇಷ್ಟ್ರನ್ನು ಎರಡನೇ ಸಲ ಹೊರಗೆಳೆದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಾಲೇಜಿನಲ್ಲಿ ಅವರು ಹೇಳಿಕೊಡುತ್ತಿದ್ದದ್ದು ತತ್ವಶಾಸ್ತ್ರ. ಸಾವಿನ ಭಯ ಗೆಲ್ಲುವುದು ಹೇಗೆಂಬ ಅವರ ಪಾಠಕ್ಕೆ ಬೇರೆ ವಿಭಾಗದವರೂ ಬಂದು ಕೂರುತ್ತಿದ್ದರು. ಇಲ್ಲಿ ಮಾತ್ರ ತಲೆ ಒಳಗೆ ಹೋದದ್ದೇ ತಡ, ತಾಳಲಾಗದಿದ್ದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರ್ ಬೆಲ್ ಅನ್ನು ಪ್ರಾಣವೇ ಅದರಲ್ಲಿದೆಯೆಂಬಂತೆ ಹಿಸುಕಿಬಿಟ್ಟಿದ್ದರು.

"ಇನ್ನೊಂದ್ಸಲ ಹೀಗಾದ್ರೆ ಅರಿವಳಿಕೆ ಕೊಟ್ಟೇ ಮಾಡ್ಬೇಕಾಗುತ್ತೆ ಸರ್. ಅದಕ್ಕೆ ಮುಂದಿನ ವಾರ ಬರ್ಬೇಕು," ಎಂದ ಯಂತ್ರದ ಹುಡುಗ. "ಐದು ನಿಮಿಷ ಹೊರಗೆ ಕೂತು ಬನ್ನಿ."

ಮುಂದಿನ ವಾರದವರೆಗೆ ಕಾಯುವಂತಿರಲಿಲ್ಲ. ಬಲಗೈ ಜೋಮು ಹಿಡಿದು ಸೀಮೆಸುಣ್ಣ ಜಾರುತ್ತಿತ್ತು. ತಲೆಯಲ್ಲಿ ಏನಿದೆ ಅಂತ ಇವತ್ತೇ ನೋಡಬೇಕು ಎಂದಿದ್ದರು ಡಾಕ್ಟರು. ತಲೆಯಲ್ಲಿ ಏನಿದೆ ಎಂಬ ಅನುಮಾನ ವಿದ್ಯಾರ್ಥಿಗಳಿಗೆ ಮೊದಲಿನಿಂದಲೂ ಇತ್ತು.

ಹೊರಗಿನ ಬೆಂಚಿನಲ್ಲಿ ದೊಡ್ಡಮ್ಮ ಅವರ ಗಡಿಯಾರ, ಬೆಲ್ಟು, ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಾಯಿಯಿಲ್ಲದ ಅವರನ್ನು ಸಾಕಿದವಳು ಅವಳೇ. ಹೋದ ತಿಂಗಳಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಅವಳ ಕತೆ ಕೇಳಿ ಮೇಷ್ಟ್ರ ಮಗಳು ಹಿಂದಿನಿಂದ ಯಾರು ಕೂಗಿದರೂ ತಿರುಗುವುದನ್ನೇ ಬಿಟ್ಟಿದ್ದಳು. ತಿರುಗಿದರೆ ಕಲ್ಲಾಗುತ್ತೇನೆ ಎನ್ನುತ್ತಿದ್ದಳು. ಮೇಷ್ಟ್ರು ದೊಡ್ಡಮ್ಮನ ಕತೆಗಳನ್ನು ನಿಲ್ಲಿಸಿ, ಅಂಥ ಕತೆಗಳ ವಿರುದ್ಧ ಪ್ರಬಂಧವನ್ನೂ ಬರೆದು, ಮಗಳಿಗೆ ಮೌಲ್ಯಗಳ ಬಗ್ಗೆ ಬಣ್ಣದ ಚಿತ್ರಗಳ ದಪ್ಪ ಪುಸ್ತಕವೊಂದನ್ನು ತಂದುಕೊಟ್ಟರು. ಮಗಳು ಅದರ ಮೇಲೆ ಹತ್ತಿ ನಿಂತು ಬಿಸ್ಕತ್ತಿನ ಡಬ್ಬಿ ಇಳಿಸಿಕೊಳ್ಳುತ್ತಿದ್ದಳು.

"ಏನಾಯ್ತೋ?"

"ಆಗಲ್ಲ ದೊಡ್ಡಮ್ಮ. ಕಿವಿ ಪಕ್ಕದಲ್ಲೇ ಗೂಟ ಬಡಿದ ಹಾಗೆ ಸದ್ದು."

"ನಿನ್ನ ಪುಸ್ತಕದೋರು ಯಾರೂ ಬರ್ಲಿಲ್ವಾ?"

ಬಂದಿದ್ದರು. ತತ್ವಜ್ಞಾನಿಗಳೆಲ್ಲ ಕೊಳವೆಯ ಬಾಯಿಯವರೆಗೆ ಬಂದು, ಭಯದ ಸ್ವರೂಪವನ್ನು ಚರ್ಚಿಸುತ್ತ ಅಲ್ಲೇ ನಿಂತಿದ್ದರು. ಪುಸ್ತಕದ ಬದನೆಕಾಯಿ ಎಂದು ದೊಡ್ಡಮ್ಮ ಅನ್ನುವ ಮೊದಲೇ ಮೇಷ್ಟ್ರು ಮನಸ್ಸಿನಲ್ಲಿ ಅಂದುಕೊಂಡರು.

"ಹೋಗು, ಬೆಟ್ಟ ಹತ್ತು," ಎಂದಳು ದೊಡ್ಡಮ್ಮ.

"ಯಾವ ಬೆಟ್ಟ?"

"ಗೊತ್ತಿದ್ದೂ ಕೇಳ್ತಾನೆ ನೋಡು."

ಮೂರನೇ ಸಲ ಮಲಗಿದರು. ಕೊಳವೆ ನುಂಗಿತು. ಸದ್ದು ಶುರುವಾಯಿತು. ಬೇರೆ ದಾರಿ ಕಾಣದೆ, ತಾವೇ ಪ್ರಬಂಧ ಬರೆದು ಖಂಡಿಸಿದ್ದ ದೊಡ್ಡಮ್ಮನ ಕತೆಯೊಳಕ್ಕೇ ಮೇಷ್ಟ್ರು ನುಗ್ಗಿದರು. ಕಾಯಿಲೆಬಿದ್ದ ತಾಯಿಗೆ ಬೆಟ್ಟದ ತುದಿಯ ನೀರು ತರಬೇಕು. ಹಿಂದಿನಿಂದ ಏನೇ ಕೇಳಿದರೂ ತಿರುಗಬಾರದು. ತಿರುಗಿದ ಅಣ್ಣಂದಿರೆಲ್ಲ ದಾರಿಯುದ್ದಕ್ಕೂ ಕಲ್ಲಾಗಿ ನಿಂತಿದ್ದಾರೆ. ಟಕ್ ಟಕ್ ಎಂದರೆ ರಕ್ಕಸಿಯ ಸುತ್ತಿಗೆ. ಗುರ್ರ್ ಎಂದರೆ ಅವಳ ನಾಯಿ. ಮೇಷ್ಟ್ರು ಹತ್ತಿದರು. ನೀರಿನ ಸದ್ದು ಕೇಳಿತು, ಬಂಡೆಯೊಂದು ಅಡ್ಡ ಬಂತು. ಅಲ್ಲಿಗೆ ಕತೆ ನಿಂತಿತು. ಮುಂದೇನೆಂದು ನೆನಪಿಲ್ಲ. ಚಿಕ್ಕಂದಿನಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತುತ್ತಿತ್ತು. ಬೆರಳುಗಳು ಬೆಲ್ ಅನ್ನು ಹುಡುಕಿದವು. ಒತ್ತಲಿಲ್ಲ. ಮತ್ತೆ ಬುಡಕ್ಕೆ ಬಂದು ಮೊದಲಿಂದ ಹತ್ತಿದರು. ಎಷ್ಟು ಸಲವೋ.

"ಚಿತ್ರ ಚೆನ್ನಾಗಿ ಬಂತು ಸರ್," ಎಂದ ಹುಡುಗ. "ಕಲ್ಲಿನ ಹಾಗೆ ಮಲಗಿದ್ರಿ."

ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ಮೇಷ್ಟ್ರಿಗೆ ಸ್ವಲ್ಪ ಕಷ್ಟವಾಯಿತು. ನೆಟ್ಟಗೆ ಬೆಂಚಿನ ಬಳಿಗೆ ನಡೆದರು.

"ದೊಡ್ಡಮ್ಮ, ಬಂಡೆ ಆದ್ಮೇಲೆ ಏನು?"

"ನಂಗೇನ್ ಗೊತ್ತು? ಬಂಡೆ ಬರೋ ಹೊತ್ತಿಗೆ ನೀನು ಗೊರಕೆ ಹೊಡೀತಿದ್ದೆ. ಮುಂದಕ್ಕೆ ಕಟ್ಟೋ ಕೆಲಸವೇ ಬೀಳ್ಲಿಲ್ಲ."

"ಅಂದ್ರೆ ಕೊನೆನೇ ಇಲ್ವಾ?"

"ನಿನ್ನ ಮಗಳು ಮಲಗೋ ಜಾತಿ ಅಲ್ಲ, ಕೊನೆ ಬೇಕೇ ಬೇಕು ಅಂದ್ಲು. ಕಟ್ತಾ ಇದ್ದೆ. ಅಷ್ಟರಲ್ಲಿ ನೀನು ಬಾಗಿಲಿಗೆ ಬಂದು ಮೌಲ್ಯ ಅಂದೆ."

ಮೇಷ್ಟ್ರು ಬೆಲ್ಟು ಬಿಗಿದುಕೊಂಡರು. ವರದಿ ಬರುವುದು ನಾಳೆ. "ಇವತ್ತು ಕೊನೆ ಹೇಳು ಅವಳಿಗೆ," ಎಂದರು. "ನಾನೂ ಕೂತ್ಕೋತೀನಿ."

"ಕೂತ್ಕೋ. ಮಧ್ಯೆ ಬಾಯಿ ಹಾಕ್ಬಾರ್ದು."

ಇಬ್ಬರೂ ಹೊರಟರು. ಹಿಂದಿನಿಂದ ಯಾರೋ ಕೂಗಿದರು: "ಸರ್! ಸರ್!" ಮೇಷ್ಟ್ರು ಕತ್ತು ಸೆಟೆಸಿ, ಹಲ್ಲು ಕಚ್ಚಿ, ನೇರ ನಡೆದರು.

"ತಿರುಗೋ ಮಾರಾಯ," ಎಂದಳು ದೊಡ್ಡಮ್ಮ. "ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದೀಯ."