ನಾಚಿಯಮ್ಮನವರ ನಕ್ಷತ್ರ ಕಾಣೆಯಾದದ್ದು

2008ರಲ್ಲಿ ಕೊಯಮತ್ತೂರಿನ ಕಾಲೇಜೊಂದರ ಎಂಟು ಕಂಪ್ಯೂಟರುಗಳಿಗೆ ಕುಂಕುಮದ ಬೊಟ್ಟಿಡುವ ಮಹಾಕಾರ್ಯ ನಿರ್ವಿಘ್ನವಾಗಿ ನೆರವೇರಿತೆಂದು ಸಮಸ್ತ ಬ್ರಹ್ಮಾಂಡಕ್ಕೆ ಈ ಮೂಲಕ ತಿಳಿಯಪಡಿಸಲಾಗಿದೆ.

ಯಂತ್ರಗಳನ್ನು ಕೊಡಿಸಿದವರು ತಿರುಪ್ಪೂರಿನ ಬನಿಯನ್ ದೊರೆ ದೊರೈಸಾಮಿ. ಬನಿಯನ್ನಿನಿಂದ ಬಾನಿಗೆ ಬಡ್ತಿ. ಕೇಳಿ ಪಡೆದವನು ದಾವಣಗೆರೆಯಿಂದ ಬಂದ ಮೇಷ್ಟ್ರು ಸುಮುಖ. ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳನ್ನು ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಹುಟ್ಟಿಸಿ, ಓಡಿಸಿ, ಯಾವುದು ಯಾವುದರ ಮುಂದೆ ಹಾಯುತ್ತದೆಂದು ನೋಡುವುದು ಅವನ ಪಿಎಚ್‌ಡಿ. ಹಾಯ್ದಾಗ ಮುಂದಿನದರ ಗುರುತ್ವ ಹಿಂದಿನದರ ಬೆಳಕನ್ನು ಬಗ್ಗಿಸುತ್ತದೆ. ಹಿಂದಿನದು ಕೆಲವು ದಿನ ಜೋರಾಗಿ ಹೊಳೆಯುತ್ತದೆ.

"ಹಂಗಾದ್ರೆ ಮುಂದೆ ಬರ್ತದಲ್ಲ, ಅದಕ್ಕೆ ನಮ್ಮವ್ವನ ಪೇರು ಇಡಿ ವಾತ್ಯಾರೇ," ಎಂದು ಮೇಷ್ಟ್ರಿಗೆ ಹೇಳಿದ್ದರು ದೊರೈಸಾಮಿ. "ಅವ್ವನಿಂದ ತಾನೇ ನಾನು ಹೊಳೆದದ್ದು?"

ಯಂತ್ರ ಸಿಗುವುದಾದರೆ ಸುಮುಖ ಅವರ ಲಾರಿಯ ಹೆಸರನ್ನೂ ಇಡುತ್ತಿದ್ದ. ಮುಂದೆ ಹಾಯುವ ಒಂದನ್ನು ಆರಿಸಿ, ಅವರ ಅವ್ವನ ಹೆಸರಿನಲ್ಲಿ 'ನಾಚಿಯಮ್ಮ' ಎಂದು ಕರೆದ. ಅದು ಎಂದೋ ಆರಿಹೋದ ನಕ್ಷತ್ರವೆಂಬ ಸಂಗತಿಯನ್ನು ಸಭ್ಯತೆಯಿಂದ ನುಂಗಿಕೊಂಡ. ಅವಿನಾಶಿ ರಸ್ತೆಯಲ್ಲಿ ಫ್ಲೆಕ್ಸ್ ಎದ್ದಿತು: 'ಆಕಾಶದಲ್ಲಿ ಅಮ್ಮ!'

ಸಮಾರಂಭದ ದಿನ ನಾಚಿಯಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತರು. ಆ ವರ್ಷದ ಪದ್ಧತಿಯಂತೆ ಕರೆಂಟು ಹೋಯಿತು. ಬಂದ ಮೇಲೆ ಸುಮುಖ ಪ್ರೋಗ್ರಾಂ ಮತ್ತೆ ಶುರುಮಾಡಿದ. ಪರದೆಯ ತುಂಬ ನಕ್ಷತ್ರ. 'ನಾಚಿಯಮ್ಮ' ಎಂದು ಹೆಸರಿಟ್ಟಿದ್ದ ನಕ್ಷತ್ರದ ನಂಬರಿನಲ್ಲಿ ಮಾತ್ರ ಬೇರೆ ಯಾವುದೋ ಒಂದು, ಯಾರ ಮುಂದೆಯೂ ಹಾಯದೆ, ಬಸ್ಸು ತಪ್ಪಿದವರ ಹಾಗೆ ಎಲ್ಲಿಗೋ ಹೊರಟಿತ್ತು.

"ಎಲ್ಲಪ್ಪಾ ಅವ್ವ?"

"ಇಲ್ಲೇ ಇದೀನಲ್ಲಡಾ ದೊರೈ," ಎಂದರು ನಾಚಿಯಮ್ಮ.

ಸುಮುಖ ಬೆವರಿದ. "ಸಾರ್, ಪ್ರೋಗ್ರಾಂ ಪ್ರತಿ ಸಲ ಗಡಿಯಾರದಿಂದ ಒಂದು ಸಂಖ್ಯೆ ತಗೊಂಡು ಹೊಸದಾಗಿ ನಕ್ಷತ್ರ ಹುಟ್ಟಿಸುತ್ತೆ. ಆ ಸಂಖ್ಯೆ ಉಳಿಸ್ಕೊಂಡಿದ್ರೆ ಅದೇ ಆಕಾಶ ವಾಪಸ್ ಬರ್ತಿತ್ತು. ನಾನು ಉಳಿಸ್ಲಿಲ್ಲ. ಆದ್ರೆ ಸಂಶೋಧನೆಗೆ ತೊಂದ್ರೆ ಇಲ್ಲ ಸಾರ್, ಒಟ್ಟು ಲೆಕ್ಕ ಅದೇ ಬರುತ್ತೆ! ಇನ್ಯಾವುದಾದ್ರೂ ಒಂದಕ್ಕೆ ಹೆಸರು..."

"ಲೆಕ್ಕ ಸರಿ ಇದ್ರೆ ಯಾರು ಬೇಕಾದ್ರೂ ಅವ್ವನಾ?"



"ಬಾಡಾ ದೊರೈ, ಹಸಿವಾಗ್ತದೆ," ಎಂದು ನಾಚಿಯಮ್ಮ ಎದ್ದರು. ಅವರ ಹಿಂದೆ ದೊರೈಸಾಮಿ, ಅವರ ಹಿಂದೆ ಟೆಂಪೋದಲ್ಲಿ ಎಂಟು ಕಂಪ್ಯೂಟರು.

ಈಗ ಅವು ತಿರುಪ್ಪೂರಿನಲ್ಲಿ, ಹಣೆಯ ಬೊಟ್ಟಿನ ಸಮೇತ, ಬನಿಯನ್ ಮೇಲೆ ಅಚ್ಚೊತ್ತುವ ಚಿತ್ರ ಬಿಡಿಸುತ್ತಿವೆ. ಚಿತ್ರ ನಕ್ಷತ್ರದ್ದೇ. ಎಷ್ಟು ಸಲ ಕರೆಂಟು ಹೋದರೂ ಅದೇ ಜಾಗಕ್ಕೆ ಬಂದು ಕೂರುತ್ತದೆ.