ಏನೂ ಆಗದ ಸೈಟು

ತನ್ನ ಕೈತಪ್ಪಿನಿಂದ ತುಬಚಿಯ ಹುಡುಗಿಯೊಬ್ಬಳ ಹೆಸರಿನ ಮೇಲೆ ಗಿರಿಜಾಮೀಸೆಯ ಫೋಟೋ ಕಂಡಮೇಲೆ ಪರಮಾನಂದ ಒಂದು ತೀರ್ಮಾನಕ್ಕೆ ಬಂದಿದ್ದ: ಇನ್ನು ಮುಂದೆ ಅಸಲಿ ಸೈಟನ್ನು ನೇರ ಮುಟ್ಟುವುದಿಲ್ಲ.

ಜಮಖಂಡಿಯ ಸಮಾಜದ ಕಚೇರಿಯಲ್ಲಿ ವಧು-ವರರ ವೆಬ್‌ಸೈಟ್ ನೋಡಿಕೊಳ್ಳುವುದು ಅವನ ಕೆಲಸ. ಈಗ ಅದರದ್ದೇ ಒಂದು ಪಡಿಯಚ್ಚನ್ನು ಬೇರೆ ವಿಳಾಸದಲ್ಲಿ ಕಟ್ಟಿ ನಿಲ್ಲಿಸಿದ್ದ. ಅವೇ ಫೋಟೋ, ಅವೇ ಹೆಸರು. ಆದರೆ ಪಾಸ್‌ವರ್ಡ್ ಇಲ್ಲದವರಿಗೆ ಕಾಣದು. ಅಲ್ಲಿಂದ ಯಾರ ಮೊಬೈಲಿಗೂ ಮೆಸೇಜು ಹೋಗದು. ಮೊದಲು ಅಲ್ಲಿ ಮಾಡಿ ನೋಡುವುದು, ಸರಿಬಂದರೆ ಮಾತ್ರ ಅಸಲಿಗೆ ತರುವುದು. ಗುರುತಿಗೆಂದು ಮೇಲ್ಗಡೆ ಹಳದಿ ಪಟ್ಟಿ ಹಾಕಿ ಇಂಗ್ಲಿಷಿನಲ್ಲಿ 'ಸ್ಟೇಜಿಂಗ್', ಅಂದರೆ ತಾಲೀಮಿನದು, ಎಂದು ಬರೆದಿದ್ದ.

ಅಲ್ಲಿ ಅವನು ದೇವರಂತಿದ್ದ. ಯಾರದೋ ವಯಸ್ಸು ಇಳಿಸಿದ, ಯಾರದೋ ನಿಶ್ಚಯ ಮುರಿದ, ಮತ್ತೆ ಕೂಡಿಸಿದ. ಒಂದು ಹನಿ ಕಣ್ಣೀರೂ ಉದುರಲಿಲ್ಲ. ಬದುಕನ್ನೂ ಹೀಗೇ ಮಾಡಬೇಕಿತ್ತು ಅನ್ನಿಸಿತು.

ಹೊಸದಾಗಿ ಸೇರಿಸಿದ 'ನಿಶ್ಚಯವಾಗಿದೆ' ಗುಂಡಿಯನ್ನು ನಿನ್ನೆ ಪರೀಕ್ಷಿಸುವಾಗ ಎರಡು ಹೆಸರು ಬೇಕಾಗಿದ್ದವು. ಕೈ ತಾನೇ ಟೈಪ್ ಮಾಡಿತು. ಒಂದು ತನ್ನದು. ಇನ್ನೊಂದು, ಎದುರು ಮೇಜಿನಲ್ಲಿ ಫೋಟೋ ಸ್ಕ್ಯಾನ್ ಮಾಡುವ ಉಮಾಶ್ರೀಯದು. ಎರಡು ಹೆಸರುಗಳ ನಡುವೆ ಹಸಿರು ಗೆರೆ ಮೂಡಿತು. ಗುಂಡಿ ಸರಿಯಾಗಿದೆ ಎಂದುಕೊಂಡ. ಅಳಿಸಲಿಲ್ಲ.

"ಇವತ್ತ ಲಗೂ ಹೋಗತೀನ್ರೀ," ಎಂದಳು ಉಮಾಶ್ರೀ.

"ಯಾಕ?"

"ಲೋಕಾಪುರದವರು ನೋಡಾಕ ಬರಾಕತ್ತಾರ."

"ಛಲೋ ಆತಲ್ಲ."

ಅವಳು ಅವನನ್ನೇ ನೋಡಿದಳು. ಅವನು ಪರದೆ ನೋಡಿದ. ಅವಳಿಗೆ ಹೇಳಬೇಕಾದ ಮಾತನ್ನು ಈ ವರ್ಷವಿಡೀ ತಲೆಯೊಳಗೆ ಓಡಿಸಿ ನೋಡಿದ್ದ; ಒಮ್ಮೆಯೂ ತಪ್ಪು ಬಂದಿರಲಿಲ್ಲ. ಆದರೂ ಇನ್ನೊಂದು ಸಲ ನೋಡುವುದರಲ್ಲಿ ನಷ್ಟವೇನು?

ಬಾಗಿಲು ಧಡ್ಡನೆ ತೆರೆಯಿತು. ಸಮಾಜದ ಅಧ್ಯಕ್ಷ ಮಾಳಿಂಗರಾಯ, ಕೈಯಲ್ಲಿ ಪೇಪರಿನ ಪೊಟ್ಟಣ.

"ಲೇ ಪರಮ್ಯಾ, ಬಾಯಿ ತಗಿ!"

"ಏನ್ರೀ ಕಾಕಾ?"

"ತಗೀಲೇ ಮೊದಲ!"

ತೆರೆದ. ಒಂದು ಹಿಡಿ ಸಕ್ಕರೆ ಒಳಗೆ ಬಿತ್ತು. ಇನ್ನೊಂದು ಹಿಡಿಯನ್ನು ಮಾಳಿಂಗರಾಯ ಉಮಾಶ್ರೀಯ ಅಂಗೈಗೆ ಹಾಕಿದ.

"ಕಳ್ಳರು! ಒಂದ ಖೋಲಿಯಾಗ ಕುಂತು ಒಬ್ಬರರೆ ಬಾಯಿ ಬಿಟ್ಟಿರೇನು? ನೋಡ್ರಿ ಅಂತ ನೀನಽ ಪಾಸ್‌ವರ್ಡ್ ಕೊಟ್ಟಿದ್ದೆಲ್ಲೋ, ಮುಂಜಾನೆ ತಗದು ನೋಡಿದೆ. ಹೆಸರ ಕೂಡ್ಯಾವ. ಮ್ಯಾಲ ಹಳದಿ ಬ್ಯಾರೆ! ಬೀರದೇವರ ಅರಿಷಿಣ ಭಂಡಾರ ಹಚ್ಚಿ ಇಟ್ಟೀದಿ, ಇನ್ನ ಕೇಳೂದೇನೈತಿ?"

ಪರಮಾನಂದನಿಗೆ ನಗು ಬಂತು. ಬಾಯಿ ತುಂಬ ಸಕ್ಕರೆ, ನಗಲಾಗಲಿಲ್ಲ.

"ಇಕಿ ಅಪ್ಪ ಮುತ್ತಣ್ಣಗೂ ಫೋನ್ ಹಚ್ಚಿದೆ. ಬೆಡಗ-ಗೋತ್ರ ಬ್ಯಾರೆ ಬ್ಯಾರೆ ಅದಾವ, ಅಡ್ಡಿಲ್ಲ ಅಂದ. ಹುಡುಗಿ ಹೂಂ ಅಂದ್ರ ಲೋಕಾಪುರದವರಿಗೆ ಬರಬ್ಯಾಡ್ರಿ ಅಂತಾನಂತ. ಏನಬೇ ಉಮಾ?"

ಉಮಾಶ್ರೀ ಸಕ್ಕರೆ ಚೆಲ್ಲದಂತೆ ಅಂಗೈ ಮಡಚಿ ಪರಮಾನಂದನ ಕಡೆ ತಿರುಗಿದಳು.

ಈಗ ಒಂದು ಮಾತೂ ಬೇಕಿರಲಿಲ್ಲ. ಸುಮ್ಮನೆ ನುಂಗಿದ್ದರೆ ಸಾಕಿತ್ತು.

"ಅದು ಖರೇ ಸೈಟ ಅಲ್ರೀ ಕಾಕಾ," ಎಂದ ಪರಮಾನಂದ, ಸಕ್ಕರೆಯನ್ನು ಒಂದು ಕೆನ್ನೆಗೆ ಸರಿಸಿ. ದನಿ ಸ್ಪಷ್ಟವಾಗಿತ್ತು, ಇಷ್ಟು ಚೆನ್ನಾಗಿ ಅವನು ಯಾರಿಗೂ ವಿವರಿಸಿರಲಿಲ್ಲ. "ಪರೀಕ್ಷಾ ಮಾಡೂ ಸೈಟ. ಹಳದಿ ಪಟ್ಟಿ ಅದರ ಗುರುತು. ಅಲ್ಲಿ ಏನ ಮಾಡಿದ್ರೂ ಏನೂ ಆಗಂಗಿಲ್ಲ. ಅದಕ್ಕಽ ಕಟ್ಟಿದ್ದು."

"ಅಂದ್ರ ಸುಳ್ಳ?"

"ಸುಳ್ಳಲ್ಲ. ನಕಲು."

"ಹೆಸರ ಯಾರ ಹಾಕಿದ್ರಿ?" ಉಮಾಶ್ರೀಯ ಪ್ರಶ್ನೆ.

"ನಾನಽ."

"ನಂದಽ ಯಾಕ?"

ಇದಕ್ಕೆ ಉತ್ತರ ಅವನಲ್ಲಿತ್ತು. ವರ್ಷದಿಂದ ಸಿದ್ಧವಿದ್ದ ಉತ್ತರ. ಬಾಯಿಂದ ಬಂದದ್ದು ಬೇರೆ.

"ಯಾವರೆ ಎರಡ ಹೆಸರ ಬೇಕಿದ್ದುವು."

ಅವಳು ಅಂಗೈ ಬಿಚ್ಚಿ ಸಕ್ಕರೆಯನ್ನು ಅವನ ಕೀಬೋರ್ಡಿನ ಪಕ್ಕ ಸುರಿದಳು. ಒಂದು ಕಾಳೂ ಉಳಿಯದಂತೆ ಕೈ ಒರೆಸಿಕೊಂಡಳು. "ಬಸ್ಸಿನ ಹೊತ್ತಾತು, ಬರ್ತೀನ್ರೀ ಕಾಕಾ," ಎಂದು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು.

ಮಾಳಿಂಗರಾಯ ಪೊಟ್ಟಣ ಮಡಚಿ ಕಿಸೆಗಿಟ್ಟ. "ಮುತ್ತಣ್ಣಗ ಮತ್ತ ಫೋನ್ ಹಚ್ಚಬೇಕಾತು. ಏನಂತ ಹೇಳಲೋ? ಬಾಯಾಗ ಸಕ್ಕರಿ ಇಟಗೊಂಡು ಇಲ್ಲ ಅಂದಾಂವನ್ನ ನಾ ಈ ಜಮಖಂಡಿ ಸೀಮ್ಯಾಗ ಕಂಡಿಲ್ಲಪಾ."

ಬಾಗಿಲು ಮುಚ್ಚಿತು. ಬಾಯಲ್ಲಿ ಸಕ್ಕರೆ ಕರಗಿ ಹೋಗಿತ್ತು. ಯಾವಾಗ ಎಂದು ತಿಳಿಯಲಿಲ್ಲ.

ಪರಮಾನಂದ ಕೆಲಸ ಮುಂದುವರಿಸಿದ. ಪರೀಕ್ಷಿಸಿದ ಬದಲಾವಣೆಗಳೆಲ್ಲ ಅಸಲಿ ಸೈಟಿಗೆ ಹೋದವು. ಒಂದೇ ಒಂದು ತಪ್ಪಿಲ್ಲ. ತುಬಚಿಯ ಹುಡುಗಿ ತನ್ನದೇ ಮುಖದಲ್ಲಿ ನಗುತ್ತಿದ್ದಳು. ಗೆದ್ದಂತಾಯಿತು. ಹೇಳಿಕೊಳ್ಳಲು ಎದುರು ಮೇಜಿನ ಕಡೆ ನೋಡಿದ. ಸ್ಕ್ಯಾನರಿನ ಮುಚ್ಚಳ ತೆರೆದೇ ಇತ್ತು.

ನಕಲಿನಲ್ಲಿ ಎರಡು ಹೆಸರು ಇನ್ನೂ ಕೂಡಿಕೊಂಡಿದ್ದವು. ಅಳಿಸಬೇಕು. ಬೆರಳು ಎತ್ತಿದ.

ಆಗ ಕಂಡಿತು, ಇರುವೆಗಳ ಸಾಲು. ಗೋಡೆಯಿಂದಿಳಿದು, ಮೇಜು ದಾಟಿ, ಒಂದೊಂದೂ ಒಂದೊಂದು ಸಕ್ಕರೆ ಕಾಳು ಎತ್ತಿಕೊಂಡು ಕೀಬೋರ್ಡಿನ ಸಂದಿಗಳಲ್ಲಿ ಇಳಿಯುತ್ತಿದ್ದವು. ಅಕ್ಷರಗಳ ಕೆಳಗೆ, ಅಂಕೆಗಳ ಕೆಳಗೆ. ಈಗ ಯಾವ ಗುಂಡಿ ಒತ್ತಿದರೂ ಅದರಡಿ ಒಂದು ಜೀವ ಇರಬಹುದು, ಇಲ್ಲದೆಯೂ ಇರಬಹುದು. ಒತ್ತದೆ ತಿಳಿಯುವಂತಿರಲಿಲ್ಲ.

ಒಳಗಿಳಿದದ್ದು ಒಂದೂ ಹೊರಗೆ ಬರುವುದು ಕಾಣಲಿಲ್ಲ. ಸಾಲು ಮಾತ್ರ ಮುಗಿಯದೆ ಬರುತ್ತಲೇ ಇತ್ತು.