ಇಪ್ಪತ್ತಾರು ಜನರ ಬ್ರಿಯಾಮ್

"ಬದನೆಕಾಯಿ ಎಷ್ಟಣ್ಣ?"

"ನಾಲ್ಕು ಕಿಲೋ," ಎಂದ ಇಸಿದೋರ್.

ತಕ್ಕಡಿಯ ಕಡೆ ಬಾಗಿದ್ದ ತರಕಾರಿ ಲಾರಿಯವನು ತಿರುಗಿ ನೋಡಿದ. ಕೈಯಲ್ಲಿದ್ದ ಮೈಕನ್ನು ಅವನಿನ್ನೂ ಆರಿಸಿರಲಿಲ್ಲ. ಹೀಗಾಗಿ ಅವನು ಕೇಳಿದ್ದು ಕಾರ್ದಾಮಿಲಾ ಊರಿನ ಕೆಳಗಿನ ಕೇರಿಗೆಲ್ಲ ಕೇಳಿಸಿತು. "ಏನು, ಮನೇಲಿ ಮದುವೆಯಾ?"

"ಮದುವೆ ಎಂಥದ್ದು? ಮಧ್ಯಾಹ್ನದ ಊಟಕ್ಕೆ."

"ಎಷ್ಟು ಜನ?"

"ಇಬ್ಬರು. ಆಲೂಗಡ್ಡೆ ಐದು ಕಿಲೋ ಹಾಕು. ಎಳೆ ಕುಂಬಳ ನಾಲ್ಕು, ಟೊಮೆಟೊ ಮೂರು. ಈರುಳ್ಳಿ, ದೊಣ್ಣೆ ಮೆಣಸು ನೀನೇ ನೋಡಿ ಹಾಕು."

ಲಾರಿಯವನು ಇಂಥ ಗಿರಾಕಿಯ ಬುದ್ಧಿ ತಿದ್ದುವುದು ತನ್ನ ಕೆಲಸವಲ್ಲ ಎಂದುಕೊಂಡು ತೂಗಿಕೊಟ್ಟ.

ಇಸಿದೋರ್ ಮೂವತ್ತೊಂದು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವನಾಗಿದ್ದವನು. ಕ್ಯಾಪ್ಟನ್‌ನಿಂದ ಹಿಡಿದು ಡೆಕ್ಕು ತೊಳೆಯುವವನವರೆಗೆ ಇಪ್ಪತ್ತಾರು ಹೊಟ್ಟೆ. ಹಡಗು ಬದಲಾದರೂ ಹೊಟ್ಟೆಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತಿದ್ದವು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಗಿದ್ದರೂ, ರಜೆಗಳನ್ನೆಲ್ಲ ಒಟ್ಟುಗೂಡಿಸಿದರೆ ಹೆಂಡತಿ ಮಾರ್ಕೆಲ್ಲಾಳ ಜೊತೆ ಅವನು ಬಾಳಿದ್ದು ಆರು ವರ್ಷವೂ ಆಗುತ್ತಿರಲಿಲ್ಲ. ಈಸ್ಟರ್ ಹಬ್ಬಕ್ಕೆ ನಿವೃತ್ತನಾಗಿ ಬಂದವನು ಈಗ ಮೂರು ತಿಂಗಳಿಂದ ಮನೆಯಲ್ಲೇ ಇದ್ದ. ಅಂಗಳದಲ್ಲಿ ಕೂತರೆ ಬಟ್ಟೆ ಒಣಹಾಕಲು ಅಡ್ಡ, ಒಳಗೆ ಕೂತರೆ ಗುಡಿಸಲು ಅಡ್ಡ. ಅಡುಗೆಮನೆಯ ಹೊಸ್ತಿಲನ್ನಂತೂ ಮಾರ್ಕೆಲ್ಲಾ ಅವನಿಗೆ ತುಳಿಯಲು ಬಿಟ್ಟಿರಲಿಲ್ಲ. "ಊಟಕ್ಕೆ ಕೂಗ್ತೀನಿ. ಅಲ್ಲೀವರೆಗೆ ಎಲ್ಲಾದರೂ ಇರು," ಅನ್ನುತ್ತಿದ್ದಳು. ಆ 'ಎಲ್ಲಾದರೂ' ಎಂಬುದು ತನ್ನ ಮನೆಯಲ್ಲಿ ಎಲ್ಲಿದೆ ಎಂದು ಇಸಿದೋರನಿಗೆ ಇನ್ನೂ ಪತ್ತೆಯಾಗಿರಲಿಲ್ಲ.

ಇವತ್ತು ಅವಳು ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲು ಬೆಳಗಿನ ಬಸ್ಸಿಗೆ ಪಟ್ಟಣಕ್ಕೆ ಹೋಗಿದ್ದಳು. ಬರುವುದು ಮೂರು ಗಂಟೆಗೆ. ಬಂದಾಗ ತರಕಾರಿಗಳನ್ನೆಲ್ಲ ಎಣ್ಣೆಯಲ್ಲಿ ಕಲಸಿ ಓವನ್ನಿನಲ್ಲಿ ಬೇಯಿಸುವ ಬ್ರಿಯಾಮ್ ಸಿದ್ಧವಾಗಿರಬೇಕು ಎಂದು ಇಸಿದೋರ್ ತೀರ್ಮಾನಿಸಿದ್ದ. ಗಂಡನ ಕೈಯಡುಗೆಯನ್ನು ಅವಳು ಈವರೆಗೆ ಒಂದು ತುತ್ತೂ ತಿಂದಿರಲಿಲ್ಲ. ಕೊರಿಯಾದವರು, ಬ್ರೆಜಿಲಿನವರು, ಸೂಯೆಜ್ ಕಾಲುವೆಯಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್‌ಗಳು ತಿಂದಿದ್ದರು.

ಏಪ್ರನ್ ಕಟ್ಟಿಕೊಂಡು ಚಾಕು ಹಿಡಿದದ್ದೇ ಅವನ ಬೆನ್ನು ನೆಟ್ಟಗಾಯಿತು. ಬದನೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಉಪ್ಪು ಸವರಿ ಬಸಿಯಲು ಇಟ್ಟ. ಆಲೂಗಡ್ಡೆ, ಕುಂಬಳ, ಈರುಳ್ಳಿ, ಮೆಣಸು ಚಕಚಕನೆ ಹೋಳಾದವು. ಟೊಮೆಟೊ ತುರಿದು, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು ಸೇರಿಸಿ, ಆಲಿವ್ ಎಣ್ಣೆಯನ್ನು ಧಾರಾಳವಾಗಿ ಸುರಿದು, ಮೊಣಕೈವರೆಗೆ ಕೈಹಾಕಿ ಕಲಸಿದ. ಆಮೇಲೆ ತಲೆಯೆತ್ತಿ ಓವನ್ನನ್ನು ನೋಡಿದ. ಹಡಗಿನ ಓವನ್ನಿನಲ್ಲಿ ಆರು ಟ್ರೇ ಹಿಡಿಸುತ್ತಿದ್ದವು. ಇದರಲ್ಲಿ ಒಂದು. ಕಲಸಿದ್ದು ಮಾತ್ರ ಬಟ್ಟೆ ಒಗೆಯುವ ಎರಡು ಬಕೆಟ್ ತುಂಬ ಇತ್ತು.

ಮೊದಲ ಟ್ರೇಯನ್ನು ಮನೆಯ ಓವನ್ನಿಗೆ ಇಟ್ಟ. ಎರಡನೆಯದನ್ನು ಎತ್ತಿಕೊಂಡು ಎದುರುಮನೆಯ ಲುಕಿಯಾಳ ಬಾಗಿಲು ತಟ್ಟಿದ. "ನನ್ನ ಓವನ್ ಖಾಲೀನೇ ಇದೆ, ಕೊಡಣ್ಣ," ಎಂದು ಅವಳು ಇಸಿದುಕೊಂಡಳು. ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದೆಲ್ಲ ಹಿಡಿಸುವುದು ಅತ್ತೆಯ ಕಾಲದ ತಾಮ್ರದ ದೊಡ್ಡ ತಟ್ಟೆಯಲ್ಲಿ ಮಾತ್ರ. ಆ ತಟ್ಟೆ ಹೋಗುವಂಥ ಒಲೆ ಕೇರಿಯಲ್ಲಿ ಒಂದೇ. ಮೂರು ಮನೆ ಆಚೆ, ಅರ್ಗಿರೋಳ ಅಂಗಳದಲ್ಲಿದ್ದ ಸೌದೆಯ ಗುಮ್ಮಟದ ಒಲೆ. ಅಲ್ಲಿಂದ ಹೊಗೆ ಬೇರೆ ಏಳುತ್ತಿತ್ತು.

ತಟ್ಟೆ ಹೊತ್ತು ಹೊರಟವನನ್ನು ಲುಕಿಯಾ ಬಾಲ್ಕನಿಯಿಂದ ಕಂಡಳು. "ಎಲ್ಲಿಗಣ್ಣ?"

"ಅರ್ಗಿರೋ ಮನೆಗೆ. ಒಲೆ ಕಾದ ಹಾಗಿದೆ."

"ಅರ್ಗಿರೋ ಮನೆಗಾ?" ಎಂದಳು ಲುಕಿಯಾ. ಆಮೇಲೆ, "ಹೋಗು ಹೋಗು, ಒಳ್ಳೇದಾಯ್ತು," ಎಂದು ಒಳಗಿಂದ ಕುರ್ಚಿ ತಂದು ಹಾಕಿಕೊಂಡು ಕೂತಳು.

ಮಾರ್ಕೆಲ್ಲಾ ಮತ್ತು ಅರ್ಗಿರೋ ಮಾತು ಬಿಟ್ಟು ಮೂರು ವರ್ಷವಾಗಿದ್ದದ್ದು ಕೇರಿಯ ಬೆಕ್ಕುಗಳಿಗೂ ಗೊತ್ತಿತ್ತು, ಇಸಿದೋರನೊಬ್ಬನನ್ನು ಬಿಟ್ಟು. ಹಡಗಿನ ಫೋನಿನಲ್ಲಿ ಹುಟ್ಟಿದವರ, ಸತ್ತವರ ಸುದ್ದಿ ಹೇಳುವಷ್ಟರಲ್ಲಿ ಲೈನು ಕಟ್ಟಾಗುತ್ತಿತ್ತು. ಮಾತು ಬಿಟ್ಟವರ ಸುದ್ದಿಗೆ ಅದರಲ್ಲಿ ಹೊತ್ತಿರಲಿಲ್ಲ. ಜಗಳ ಸುಣ್ಣದ್ದು. ಅರ್ಗಿರೋ ಗೋಡೆಗೆ ಸುಣ್ಣ ಬಳಿಸುವಾಗ ಅದು ಹಾರಿ ಬಂದು ಮಾರ್ಕೆಲ್ಲಾ ಒಣಹಾಕಿದ್ದ ಕಸೂತಿಯ ಮೇಲುಹಾಸಿನ ಮೇಲೆ ಬಿದ್ದಿತ್ತು. ಅಲ್ಲಿಂದ ಮುಂದೆ ಮಾತು ಮೇಲುಹಾಸನ್ನು ಬಿಟ್ಟು ಇಬ್ಬರ ಅಜ್ಜಿಯರವರೆಗೂ ಹೋಗಿತ್ತು.

ಅರ್ಗಿರೋ ಆಗತಾನೆ ಒಲೆಯಿಂದ ರೊಟ್ಟಿ ತೆಗೆದು ಮುಗಿಸಿದ್ದಳು. ಬಾಗಿಲಲ್ಲಿ ಇಸಿದೋರನನ್ನು ಕಂಡು ಹುಬ್ಬೇರಿಸಿದಳು. ತಾಮ್ರದ ತಟ್ಟೆಯ ಗುರುತು ಹತ್ತಿದ ಮೇಲೆ ಹುಬ್ಬು ಇನ್ನೂ ಮೇಲೆ ಹೋಯಿತು.

"ಅವಳೇ ಕಳಿಸಿದ್ಲಾ?"

ಕ್ಯಾಪ್ಟನ್ ಹೇಳದಿದ್ದರೂ 'ಕ್ಯಾಪ್ಟನ್ ನಮಸ್ಕಾರ ಹೇಳಿದ್ದಾರೆ' ಎಂದೇ ಬಂದರಿನ ಅಧಿಕಾರಿಗಳನ್ನು ಊಟಕ್ಕೆ ಕರೆದು ರೂಢಿಯಿದ್ದವನು ಇಸಿದೋರ್. "ಹೂಂ ಮತ್ತೆ! ಅರ್ಗಿರೋ ಒಲೇಲಿ ಬೆಂದ ರುಚಿ ಇನ್ನೆಲ್ಲೂ ಬರಲ್ಲ ಅಂದ್ಲು."

ಅರ್ಗಿರೋ ಹಿಟ್ಟಿನ ಕೈಗಳನ್ನು ಏಪ್ರನ್ನಿಗೆ ಒರೆಸಿದಳು, ಮತ್ತೊಮ್ಮೆ ಒರೆಸಿದಳು. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮೂರು ಗಂಟೆಯ ಬಸ್ಸು ಇಳಿದು ಬಂದ ಮಾರ್ಕೆಲ್ಲಾಳನ್ನು ಲುಕಿಯಾ ಮನೆ ಸೇರಲು ಬಿಡಲಿಲ್ಲ. ಬಾಲ್ಕನಿಯಿಂದಲೇ ಎಲ್ಲ ಹೇಳಿದಳು. ತನ್ನ ಓವನ್ನಿನ ಟ್ರೇಯಲ್ಲಿ ಒಂದು ಮೂಲೆ ಖಾಲಿಯಾಗಿರುವುದು ಬೆಂದಿದೆಯೋ ಇಲ್ಲವೋ ಎಂದು ತನ್ನ ಗಂಡ ತಿಂದು ನೋಡಿದ್ದರಿಂದ ಎಂಬುದನ್ನೂ ಹೇಳಿದಳು.

ಮಾರ್ಕೆಲ್ಲಾ ಅಡುಗೆಮನೆಗೆ ನುಗ್ಗಿದಳು. ಡಾಕ್ಟರು ಕಣ್ಣಿಗೆ ಹನಿ ಹಾಕಿ ಕಳಿಸಿದ್ದರಿಂದ ಗಂಡ ಸರಿಯಾಗಿ ಕಾಣುತ್ತಿರಲಿಲ್ಲ. ಬಿಳಿಯ ಏಪ್ರನ್ನನ್ನೇ ಗುರಿಯಿಟ್ಟು ಶುರುಮಾಡಿದಳು.

"ಮೂರು ವರ್ಷ! ಅವಳ ಮುಖ ಕಾಣಬಾರದು ಅಂತ ಮೀನು ತರೋಕೂ ಮೇಲಿನ ರಸ್ತೆ ಸುತ್ತಿ ಹೋಗಿದ್ದೀನಿ ಕಣೋ ನಾನು. ನೀನು ನಮ್ಮಮ್ಮನ ತಟ್ಟೆ ಹೊತ್ಕೊಂಡು ನೆಟ್ಟಗೆ ಅವಳ ಬಾಗಿಲಿಗೇ ಹೋದೆಯಾ?"

"ನನಗೆ ಯಾರು ಹೇಳಿದ್ರು, ನೀವು ಮಾತು ಬಿಟ್ಟಿದ್ದೀರಿ ಅಂತ?"

"ಕಣ್ಣಿಲ್ವಾ? ಮೂರು ತಿಂಗಳಲ್ಲಿ ಒಂದು ದಿನ ಅವಳು ನಮ್ಮನೆಗೆ ಬಂದಿದ್ದು ನೋಡಿದ್ಯಾ?" ಏಪ್ರನ್ನಿಗೆ ಇನ್ನಷ್ಟು ಹತ್ತಿರ ಬಂದು ಕೇಳಿದಳು, "ಏನಂದೆ ಅವಳಿಗೆ?"

ಇಸಿದೋರ್ ಸೌಟನ್ನು ಒಮ್ಮೆ ಈ ಕೈಗೆ, ಒಮ್ಮೆ ಆ ಕೈಗೆ ಬದಲಾಯಿಸಿದ. "ನೀನೇ ಕಳಿಸಿದ್ದು ಅಂದೆ. ಅವಳ ಒಲೆಯ ರುಚಿ ಎಲ್ಲೂ ಬರಲ್ಲ ಅಂತ ನೀನು ಅಂದೆ ಅಂದೆ."

"ನಾನು ಅಂದೆನಾ?"

"ನೀನು ಅನ್ನಲಿಲ್ಲ. ನಿನ್ನ ಪರವಾಗಿ ನಾನು ಅಂದೆ."

"ನಮ್ಮತ್ತೆ ಬದುಕಿದ್ದಾಗ ನನ್ನ ಪರವಾಗಿ ಒಂದು ಮಾತಾಡಿದವನಲ್ಲ. ಇವತ್ತು ಬಂತಾ ನಿನಗೆ ಬಾಯಿ?" ಮಾರ್ಕೆಲ್ಲಾ ಕುರ್ಚಿಯಲ್ಲಿ ಕುಸಿದಳು. ಓವನ್ನಿನಲ್ಲಿ ಎಣ್ಣೆ ಸಣ್ಣಗೆ ಕುದಿಯುತ್ತಿತ್ತು. ಮನೆಯೆಲ್ಲ ಬದನೆಕಾಯಿ, ಬೆಳ್ಳುಳ್ಳಿಯ ಘಮ. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ.

"ನಾನು ಹೋಗಿ ತಟ್ಟೆ ತರ್ತೀನಿ. ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ," ಎಂದ ಇಸಿದೋರ್.

"ನೀನು ಕಾಲು ಹೊರಗಿಟ್ಟರೆ ನೋಡು!" ಮಾರ್ಕೆಲ್ಲಾ ಎದ್ದಳು. "ಹೇಳೋದೆಲ್ಲ ಹೇಳಿ ಆಯ್ತು. ಈಗ ಹೋಗಿ ಅದೆಲ್ಲ ಸುಳ್ಳು ಅಂದರೆ ನನ್ನ ಮರ್ಯಾದೆ ಏನಾಗಬೇಕು?" ಕನ್ನಡಿಯ ಮುಂದೆ ನಿಂತು, ಕಾಣದಿದ್ದರೂ ತಲೆ ಬಾಚಿಕೊಂಡು, ಹೊರಟಳು. ಎದುರಿನ ಬಾಲ್ಕನಿಯಲ್ಲಿ ಈಗ ಎರಡು ಕುರ್ಚಿಗಳಿದ್ದವು.

ಅರ್ಗಿರೋ ಒಲೆಯ ಮುಂದಿನ ಮೆಟ್ಟಿಲಲ್ಲಿ ಕೂತಿದ್ದಳು. ತಾಮ್ರದ ತಟ್ಟೆ ರೊಟ್ಟಿಯ ಹಲಗೆಯ ಮೇಲೆ ಆರುತ್ತಿತ್ತು. ಇಬ್ಬರೂ ಮೊದಲು ತಟ್ಟೆಯನ್ನೇ ನೋಡಿದರು.

"ಆಲೂಗಡ್ಡೆ ಏನು ದಪ್ಪ ಹೆಚ್ಚಿದ್ದಾನೆ ನಿನ್ನ ಗಂಡ," ಎಂದಳು ಅರ್ಗಿರೋ. "ಅರ್ಧ ಬೆಂದ ಮೇಲೆ ಹೊರಗೆ ತೆಗೆದು, ಒಂದೊಂದನ್ನೂ ಮತ್ತೆ ತೆಳ್ಳಗೆ ಹೆಚ್ಚಿ ಹಾಕಿದೆ. ಬೆರಳೆಲ್ಲ ಸುಟ್ಕೊಂಡೆ."

"ಇಪ್ಪತ್ತಾರು ಜನಕ್ಕೆ ಬೇಯಿಸಿ ಹಾಕಿದವನಂತೆ. ಒಬ್ಬರೂ ದೂರು ಹೇಳಿಲ್ಲವಂತೆ."

"ಸಮುದ್ರದ ಮಧ್ಯೆ ದೂರು ಹೇಳಿ ಎಲ್ಲಿಗೆ ಹೋಗ್ತಾರೆ ಪಾಪ?"

ಮಾರ್ಕೆಲ್ಲಾಳಿಗೆ ನಗು ಬಂತು. ಅದನ್ನು ಕೆಮ್ಮಾಗಿ ಬದಲಾಯಿಸಲು ನೋಡಿದಳು, ಆಗಲಿಲ್ಲ.

"ನನ್ನ ಒಲೆಯ ರುಚಿ ಎಲ್ಲೂ ಬರಲ್ಲ ಅಂದ್ಯಂತೆ?" ಅರ್ಗಿರೋ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

ಹಿತ್ತಿಲಲ್ಲಿ ಜೀರುಂಡೆಗಳು ಒಂದೇ ಸಮನೆ ಕಿರುಚುತ್ತಿದ್ದವು. ಮಾರ್ಕೆಲ್ಲಾ ಕೈಚೀಲವನ್ನು ಹೆಗಲಿನಿಂದ ತೆಗೆದು ನೆಲಕ್ಕಿಟ್ಟಳು.

"ಅಂದೆ," ಎಂದಳು.

ಅರ್ಗಿರೋ ಒಂದು ರೊಟ್ಟಿಯನ್ನು ಕೈಗೆತ್ತಿಕೊಂಡು ಹೇಳಿದಳು, "ಆವತ್ತು ಸುಣ್ಣ ಬಳಿಸೋವಾಗ ಗಾಳಿ ಇತ್ತು."

"ಇತ್ತು. ಉತ್ತರದ ಗಾಳಿ. ಜುಲೈ ಬಂತು ಅಂದರೆ ಅದು ಹಾಗೇನೇ."

"ರೊಟ್ಟಿ ಇನ್ನೂ ಬಿಸಿ ಇದೆ. ಮುರೀಲಾ?"

ಇಸಿದೋರ್ ಮೇಜಿನ ಮೇಲೆ ಎರಡು ತಟ್ಟೆ ಹಾಕಿ, ಚೀಸ್ ಹೆಚ್ಚಿ, ಓವನ್ ಆರಿಸಿ ಕಾದ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಕಿರುಚಾಟ ಕೇಳಿಸಲಿಲ್ಲ. ಅದರಿಂದ ಅವನ ಹೆದರಿಕೆ ಹೆಚ್ಚಾಯಿತು. ಕೊನೆಗೆ ಚೀಸಿನ ತಟ್ಟೆ ಹಿಡಿದುಕೊಂಡು, ಯಾವುದಕ್ಕೂ ಇರಲಿ ಎಂದು, ಅರ್ಗಿರೋಳ ಮನೆಯ ಕಡೆ ನಡೆದ.

ಗೇಟಿನ ಹತ್ತಿರ ಬಂದಾಗ ಮಾರ್ಕೆಲ್ಲಾಳ ಧ್ವನಿ ಕೇಳಿಸಿತು. ಬಾಯಿತುಂಬ ತುತ್ತಿಟ್ಟುಕೊಂಡೇ ಮಾತಾಡುತ್ತಿದ್ದಳು. "...ನಿದ್ದೇಲಿ ಎದ್ದು ಕೂತು 'ಸೂಪು ಆಯ್ತು, ಬನ್ರೋ' ಅಂತ ಕೂಗ್ತಾನೆ ಕಣೇ. ಯಾರು ಬರಬೇಕು ಹೇಳು?" ಅರ್ಗಿರೋ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆದರೆ ಉಪ್ಪು ಮಾತ್ರ ಸರಿಯಾಗಿ ಹಾಕಿದ್ದಾನೆ," ಎಂದಳು ಮಾರ್ಕೆಲ್ಲಾ ಆಮೇಲೆ. "ಅಷ್ಟು ಹೇಳಲೇಬೇಕು."

ಇಸಿದೋರ್ ಗೇಟು ತಳ್ಳಿದ. ಇಬ್ಬರೂ ಮೆಟ್ಟಿಲ ಮೇಲೆ ಕೂತು, ರೊಟ್ಟಿ ಮುರಿದು ತಟ್ಟೆಯ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದರು. ತಟ್ಟೆಯ ಒಂದು ಬದಿಯಲ್ಲಿ ತಾಮ್ರ ಹೊಳೆಯುತ್ತಿತ್ತು. ಮಾರ್ಕೆಲ್ಲಾ ಬಿಳಿಯ ಏಪ್ರನ್ನಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

"ಬಂದ್ಯಾ? ಬಾ ಇಲ್ಲಿ. ಕಲಿತುಕೋ." ಒಂದು ಆಲೂಗಡ್ಡೆಯ ಬಿಲ್ಲೆಯನ್ನು ಫೋರ್ಕಿಗೆ ಚುಚ್ಚಿ ಬಿಸಿಲಿಗೆ ಎತ್ತಿ ಹಿಡಿದಳು. ಅದು ಎಷ್ಟು ತೆಳ್ಳಗಿತ್ತೆಂದರೆ ಬೆಳಕು ಅದರೊಳಗೆ ಹಳದಿಯಾಗಿ ಹಾಯುತ್ತಿತ್ತು. "ಇಷ್ಟು. ಕಾಣಿಸ್ತಾ? ಇಷ್ಟು."

ಇಸಿದೋರ್ ಚೀಸಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬಗ್ಗಿ ನೋಡಿದ. ಇನ್ನೂ ಸ್ವಲ್ಪ ಬಗ್ಗಿ, ಬಿಲ್ಲೆಯನ್ನು ಬಾಯಿಂದಲೇ ತೆಗೆದುಕೊಂಡ. ಬರಿದಾದ ಫೋರ್ಕನ್ನು ಮಾರ್ಕೆಲ್ಲಾ ಹಾಗೆಯೇ ಹಿಡಿದುಕೊಂಡಿದ್ದಳು. ಅದರ ತುದಿಯಿಂದ ಒಂದು ಹನಿ ಎಣ್ಣೆ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.